ಉರಿದದ್ದು ವಾಲ್ವ್, ಹಾಡಿದ್ದು ಬೇರೆ

ಮೊನ್ನೆ ಭಾನುವಾರ ನಮ್ಮ ಮನೆಯ ಹಾಲ್‌ನಲ್ಲಿ ನನ್ನ ಮಾನ ಉಳಿಸಲು ಒಬ್ಬರು ಸುಳ್ಳು ಹೇಳಿದರು. ನಾನು ಸುಮ್ಮನೆ ಕೂತು ಕೇಳಿಸಿಕೊಂಡೆ.

ಹಿಂದಿನ ವಾರ ಇದೇ ಅಂಕಣದಲ್ಲಿ ನಾನು ಕೊಚ್ಚಿಕೊಂಡದ್ದು ನಿಮಗೆ ನೆನಪಿರಬಹುದು. ಆಂಪ್ಲಿಫೈಯರ್ ಕೊಳ್ಳುವುದಾದರೆ ಬಲ್ಬಿನಂತೆ ಉರಿಯುವ ಹಳೇ ವಾಲ್ವ್‌ನದನ್ನೇ ಕೊಳ್ಳಿ, ಟ್ರಾನ್ಸಿಸ್ಟರ್‌ನದು ಬರೀ ತಗಡಿನ ಸದ್ದು ಎಂದು ಬರೆದಿದ್ದೆ. (ಬರೆಯುವ ಕೈಗೆ ಧೈರ್ಯ ಜಾಸ್ತಿ.) ಅದನ್ನು ಅನ್ವರ್ ಭಾಯ್ ಓದಿದ್ದರು. ಕಡೂರು ಬಸ್‌ಸ್ಟ್ಯಾಂಡ್ ಹಿಂದೆ ಅವರದು ರಿಪೇರಿ ಅಂಗಡಿ. ನನ್ನ ಮನೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಒಂದೊಂದೇ ಪಾರ್ಟ್ ಬೆಸೆದು ಕಟ್ಟಿಕೊಟ್ಟವರೇ ಅವರು.

"ತಗಡು ಅಂತ ಬರ್ದ್‌ಬಿಟ್ರಲ್ಲ ಸಾರ್" ಎಂದರು, ದಾರಿಯಲ್ಲಿ ಸಿಕ್ಕಾಗ.

"ಭಾನುವಾರ ಬನ್ನಿ, ಕೇಳಿಸ್ತೀನಿ" ಎಂದೆ. ಪಾಠ ಕಲಿಸುವ ಉಮೇದು ನೋಡಿ ನನಗೆ!

ಅವರು ಬಂದರು. ಚೌಳಹಿರಿಯೂರಿನಿಂದ ಗೆಳೆಯ ಬಸವರಾಜ, ಪಕ್ಕದ ಮನೆಯ ಮೇಷ್ಟ್ರು ಕೂಡ ಬಂದರು. ಅಜ್ಜಂಪುರದ ಮೈಕ್‌ಸೆಟ್‌ನವರಿಂದ ಕಾಡಿ ಬೇಡಿ ತಂದ ವಾಲ್ವ್ ಸೆಟ್ ಆನ್ ಮಾಡಿದೆ. ಹೋಲಿಸಿ ತೋರಿಸಲು ಪಕ್ಕದ ಟ್ರಾನ್ಸಿಸ್ಟರ್ ಸೆಟ್ಟೂ ಆನ್ ಇತ್ತು; ಸಿಡಿ ಪ್ಲೇಯರನ್ನು ಎರಡಕ್ಕೂ ಜೋಡಿಸಿದ್ದೆ. ವಾಲ್ವ್‌ಗಳು ಕೆಂಪಗೆ ಉರಿದವು. ಕೊಳಲಿನ ಸಿಡಿ ಹಾಕಿದೆ.

"ಜೀವ ಐತೆ ಕಣೋ ಇದ್ರಲ್ಲಿ!" ಎಂದ ಬಸವರಾಜ. ಮೇಷ್ಟ್ರು ಕಣ್ಣುಮುಚ್ಚಿ ತಲೆದೂಗುತ್ತಿದ್ದರು.

ನಾನು ಅನ್ವರ್ ಭಾಯ್ ಕಡೆ ತಿರುಗಿ, "ಇದು ನಿಮ್ಮ ಕೈಲಾಗಲ್ಲ ಬಿಡಿ" ಎಂದೆ. ಎಲ್ಲರೆದುರಿಗೆ.

ಅವರು ಎದ್ದರು. ಮೊದಲು ಸಿಡಿ ನಿಲ್ಲಿಸಿ, ಆಮೇಲೆ ವಾಲ್ವ್ ಸೆಟ್ ಆಫ್ ಮಾಡಿದರು. "ಬಿಸಿ ಆಗೈತೆ ಸಾರ್. ಕಾಫಿ ಕುಡ್ದು ಕೇಳಾಣ."

ಉಳಿದಿಬ್ಬರು ಊಟದ ಕೋಣೆಗೆ ಹೋದ ಮೇಲೆ ಅವರು ಸೆಟ್‌ಗಳ ಹಿಂಬದಿ ತೋರಿಸಿದರು. ಸ್ಪೀಕರ್ ವೈರ್‌ಗಳು ಅವರು ಕಟ್ಟಿದ ಸೆಟ್‌ನಲ್ಲೇ ಇದ್ದವು. ಬೆಳಿಗ್ಗೆ ಅದರಲ್ಲಿ ಹಾಡು ಕೇಳಿದವನು ಬದಲಾಯಿಸಲು ಮರೆತಿದ್ದೆ. ಅಲ್ಲಿಯವರೆಗೆ ನಾವು ಕೊಂಡಾಡಿದ್ದು ಆ ತಗಡನ್ನು!

"ಸ್ಪೀಕರ್ ಇಲ್ದೆ ಓಡಿಸಿದ್ರೆ ವಾಲ್ವ್ ಸೆಟ್ ಸುಟ್ಟೋಗುತ್ತೆ ಸಾರ್, ಅದಕ್ಕೇ ಎದ್ದೆ" ಎಂದು ಪಿಸುಗುಟ್ಟಿ, ತಾವೇ ವೈರ್ ಬದಲಾಯಿಸಿದರು. ಅಷ್ಟೇ. 'ನೀವು ಹೊಗಳಿದ್ದು ನನ್ನದನ್ನ' ಅನ್ನಲಿಲ್ಲ.

ಕಾಫಿ ಕುಡಿಯುವಾಗ ಬಸವರಾಜ ಕೆಣಕಿದ. "ಏನ್ ಸಾಬ್ರೇ, ಸೋಲು ಒಪ್ಕೊಂಡ್ರಾ?"

"ಸಾರ್ ಕಿವಿ ಮುಂದೆ ನಮ್ದೇನೈತೆ" ಎಂದು ಅನ್ವರ್ ಭಾಯ್ ನಕ್ಕರು.

ನಾನೇನು ಮಾಡಿದೆ? ನಾನೂ ನಕ್ಕೆ. ಬಿಸ್ಕತ್ತಿನ ತಟ್ಟೆಯನ್ನು ಅವರ ಕಡೆ ಸರಿಸಿದೆ.

ವಾಲ್ವೋ ಟ್ರಾನ್ಸಿಸ್ಟರೋ ಎಂದು ಈಗಲೂ ಓದುಗರು ಫೋನ್ ಮಾಡಿ ಕೇಳುತ್ತಿದ್ದಾರೆ. ದಯವಿಟ್ಟು ನನ್ನನ್ನು ಕೇಳಬೇಡಿ. ಕೆಲಸಗಾರರೊಬ್ಬರು ತಮ್ಮ ಕೆಲಸಕ್ಕೆ ಸಿಕ್ಕ ಹೊಗಳಿಕೆಯನ್ನು ಬೇರೆಯದರ ಹೆಸರಲ್ಲಿ ಕೇಳಿಸಿಕೊಂಡು, ನನಗಾಗಿ ಸೋತು ಮನೆಗೆ ಹೋದರು. ನನಗೆ ನಾಚಿಕೆಯಾಗುತ್ತಿದೆ. ಆವತ್ತು ಆ ಇಬ್ಬರ ಮುಂದೆ ಹೇಳಬೇಕಿದ್ದುದನ್ನು ಇಂದು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಕಿವಿ ಮೋಸಹೋಯಿತು, ಸರಿ. ಬಾಯಿಗೇನಾಗಿತ್ತು?