ಕಬ್ಬಿಣವಿಲ್ಲದ ಕೋಣೆ

ಎಪ್ಪತ್ತರ ದಶಕದ ನಡುವಿನ ಆ ಮಳೆಗಾಲದಲ್ಲಿ, ಇಂಡಿ ಊರಿನ ನಮ್ಮ ಮನೆಯಲ್ಲಿ ಇಬ್ಬರು ಬಾಣಂತಿಯರಿದ್ದಾರೆ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಒಬ್ಬಳು ಮುದ್ದೇಬಿಹಾಳದಿಂದ ಹೆರಿಗೆಗೆ ಬಂದಿದ್ದ ನನ್ನ ಅಕ್ಕ. ಇನ್ನೊಂದು, ಹಿತ್ತಲ ಕಡೆಯ ಕೋಣೆಯಲ್ಲಿ ಅಗಲ ತಳದ ಅಲ್ಯೂಮಿನಿಯಂ ಪರಾತಗಳಲ್ಲಿ ನಾನು ಬೆಳೆಸುತ್ತಿದ್ದ ಬೂಷ್ಟು. ಎರಡಕ್ಕೂ ಬೀಸುಗಾಳಿ ತಾಗಬಾರದು, ಎರಡೂ ಬೆಚ್ಚಗಿರಬೇಕು, ಕೈಕಾಲು ತೊಳೆಯದೆ ಯಾರೂ ಆ ಕೋಣೆಗಳಿಗೆ ಕಾಲಿಡಬಾರದು.

"ಅಕ್ಕ ಅಂತೂ ಕೂಸು ಹಡದಾಳ. ನಿನ್ನ ಬಾಣಂತಿ ಏನ ಹಡೀತೈತಿ?" ಎಂದು ಅಪ್ಪ ಕೆಣಕುತ್ತಿದ್ದ.

"ಹುಳಿ" ಎನ್ನುತ್ತಿದ್ದೆ ನಾನು.

ಅಪ್ಪನಿಗೆ ಅದು ಮುಗಿಯದ ತಮಾಷೆ. ಅವನು ನಿಂಬೆಹಣ್ಣಿನ ವ್ಯಾಪಾರಿ. ಚೀಲಗಟ್ಟಲೆ ಹಣ್ಣು ಸೊಲ್ಲಾಪುರಕ್ಕೆ ಕಳಿಸುವವನು. ಅವನ ಮಗಳು ಹಣ್ಣೇ ಇಲ್ಲದೆ ನಿಂಬೆಯ ಹುಳಿ ತೆಗೆಯುತ್ತೇನೆಂದು ಕೂತಿದ್ದಳು. ಶರಬತ್ತಿಗೆ, ಪೇಪರಮಿಂಟಿಗೆ, ಔಷಧಿಗೆ ಬೇಕಾಗುವ ನಿಂಬೆ ಉಪ್ಪನ್ನು ಸಕ್ಕರೆ ಕಾರ್ಖಾನೆಯವರು ಬೇಡವೆಂದು ಬಿಡುವ ಕಾಕಂಬಿಯ ಕರಿಪಾಕದಿಂದ ತೆಗೆಯಬಹುದು. ತೆಗೆಯುವುದು ನಾನಲ್ಲ, ಬೂಷ್ಟು. ನಮ್ಮ ಕಡೆ ಹಳೆಯ ಉಳ್ಳಾಗಡ್ಡಿಯ ಸಿಪ್ಪೆಯ ಮೇಲೆ ಕರಿಪುಡಿ ಉದುರಿಸಿದಂತೆ ಕೂರುತ್ತದಲ್ಲ, ಅದೇ ಬಳಗದ್ದು. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಅದರ ಬೀಜಕಣಗಳನ್ನು ನೇರಳಾತೀತ ದೀಪದ ಕೆಳಗಿಟ್ಟು ಬಹುಪಾಲು ಸಾಯಿಸುತ್ತಿದ್ದೆ. ಸಾಯದೆ ಉಳಿದವುಗಳಲ್ಲಿ ಹೆಚ್ಚು ಹುಳಿ ಬಿಡುವುದನ್ನು ಹುಡುಕಿ, ಅದನ್ನು ಬೆಳೆಸಿ, ಮತ್ತೆ ದೀಪಕ್ಕೆ ಒಡ್ಡುತ್ತಿದ್ದೆ. ಹಾಗೆ ಆರಿಸಿ ಆರಿಸಿ ಸಿಕ್ಕ ಒಂದು ತಳಿಯನ್ನು ಗಾಜಿನ ನಳಿಕೆಗಳಲ್ಲಿ ಹತ್ತಿ ತುರುಕಿ ಊರಿಗೆ ತಂದಿದ್ದೆ.

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಬಸವನ ಬಾಗೇವಾಡಿಯ ಶಾಲೆಯೊಂದರಲ್ಲಿ ವಿಜ್ಞಾನ ಹೇಳುವ ಕೆಲಸ ನನಗಾಗಿ ಕಾದಿತ್ತು. ಅದೇ ಪಾಠ, ಅದೇ ಹಲಗೆ, ವರ್ಷವರ್ಷವೂ ಅದೇ ಕಪ್ಪೆಯ ಚಿತ್ರ. ನೆನೆದರೇ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಅಷ್ಟರಲ್ಲಿ ಅಪ್ಪನ ಪರಿಚಯದ ಸೊಲ್ಲಾಪುರದ ಸಾಹುಕಾರರೊಬ್ಬರು ಝಳಕಿಯ ಹೆದ್ದಾರಿ ಬದಿಗೆ ಚಿಕ್ಕದೊಂದು ನಿಂಬೆ ಉಪ್ಪಿನ ಕಾರ್ಖಾನೆ ಹಾಕಲು ಹೊರಟಿದ್ದರು. ಪರಾತದಲ್ಲಿ ಹುಳಿ ತೋರಿಸಿದರೆ ಅಲ್ಲಿಯ ಪ್ರಯೋಗಾಲಯ ನನಗೆ. ಇಲ್ಲದಿದ್ದರೆ ಪುಣೆಯಿಂದ ಬರಲು ತಯಾರಾಗಿದ್ದ ಒಬ್ಬರಿಗೆ. ನನಗೆ ಆ ಪ್ರಯೋಗಾಲಯದ ಕೋಣೆ ಬೇಕಾಗಿತ್ತು. ಅಷ್ಟು ಆಸೆಯಿಂದ ನಾನು ಮತ್ತೇನನ್ನೂ ಬಯಸಿದ್ದು ನೆನಪಿಲ್ಲ.

ಕೆಲಸದ ಗುಟ್ಟೆಲ್ಲ ಇದ್ದದ್ದು ಕಬ್ಬಿಣದಲ್ಲಿ. ಬೂಷ್ಟು ಸಕ್ಕರೆ ತಿಂದು ತನ್ನೊಳಗೆ ಅದನ್ನು ಹಂತಹಂತವಾಗಿ ಸುಡುತ್ತದೆ. ನಡುವಿನ ಒಂದು ಹಂತದಲ್ಲಿ ನಿಂಬೆಯ ಹುಳಿ ಹುಟ್ಟುತ್ತದೆ. ಅದನ್ನೂ ಸುಟ್ಟು ಮುಂದೆ ಹೋಗಬೇಕಾದರೆ ಅದಕ್ಕೆ ಕಬ್ಬಿಣ ಬೇಕು. ಕಬ್ಬಿಣ ಸಿಗದಿದ್ದರೆ ಮುಂದಿನ ದಾರಿ ಕಟ್ಟಿಕೊಂಡು ಹುಳಿ ಹೊರಗೆ ಬೀಳುತ್ತದೆ. ನಮಗೆ ಕಲಿಸಿದ್ದು ಹೀಗೆ. ಅದಕ್ಕೇ ಕಾಕಂಬಿ ಕುದಿಸಿ ಒಂದು ಹಳದಿ ಉಪ್ಪು ಹಾಕುತ್ತಿದ್ದೆ. ಅದರಲ್ಲಿದ್ದ ಕಬ್ಬಿಣವೆಲ್ಲ ನೀಲಿ ಕೆಸರಾಗಿ ತಳಕ್ಕೆ ಇಳಿಯುತ್ತಿತ್ತು. ಸೋಸಿದ ನೀರನ್ನು ಪರಾತಕ್ಕೆ ಸುರಿದು ಬೀಜಕಣ ಊದುತ್ತಿದ್ದೆ. ಕಬ್ಬಿಣದ ಸೌಟು ಸಹ ಮುಟ್ಟಿಸುತ್ತಿರಲಿಲ್ಲ.

ಆ ಸಲ ಪರಾತಗಳ ಮೇಲೆ ಬಿಳಿ ಪದರ ಕಟ್ಟತೊಡಗಿತ್ತು. ಅದೇ ಹೊತ್ತಿಗೆ ಅಕ್ಕನ ಗಂಡನ ಮನೆಯವರನ್ನು ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಕರೆಯಲು ಅಪ್ಪನ ಜೊತೆ ನಾನೂ ಹೋಗಬೇಕಾಯಿತು. ಹೋಗಲೊಲ್ಲೆ ಎಂದು ಹಟ ಹಿಡಿದೆ. ಹೆಣ್ಣುಮಕ್ಕಳು ಹೋಗಿ ಕುಂಕುಮ ಹಚ್ಚಿ ಕರೆಯದಿದ್ದರೆ ಬೀಗರು ಮುಖ ತಿರುವುತ್ತಾರೆ, ಬಾಣಂತಿಯನ್ನು ಬಿಟ್ಟು ತಾನು ಹೋಗಲಾಗದು ಎಂದ ಅವ್ವ ನನ್ನ ಮಾತು ಕೇಳಲಿಲ್ಲ. ಕೋಣೆಯ ಕಟ್ಟುನಿಟ್ಟುಗಳನ್ನೆಲ್ಲ ಅವಳಿಗೆ ಒಪ್ಪಿಸಿದೆ: ಬಾಗಿಲು ತೆರೆದಿಡಬೇಡ, ಪರಾತ ಅಲುಗಿಸಬೇಡ, ತೊಳೆಯದ ಏನನ್ನೂ ಒಳಗೆ ಒಯ್ಯಬೇಡ. ಕಬ್ಬಿಣದ ಮಾತು ಎತ್ತಲಿಲ್ಲ. ಎತ್ತಬೇಕೆಂದು ಯಾರಿಗೆ ತಾನೇ ಹೊಳೆದೀತು?

ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ ಚಹಾ ಅರ್ಧಕ್ಕೇ ಬಿಟ್ಟೆ. ಬಾಗೇವಾಡಿಯ ನಿಲ್ದಾಣದಲ್ಲಿ ಮುಂದಿನ ಬಸ್ಸು ತಡವಾದಾಗ ನಾನು ಆ ಕಂಬದಿಂದ ಈ ಕಂಬಕ್ಕೆ ತಿರುಗುತ್ತಲೇ ಇದ್ದೆ. "ಕುಂದರವಾ ಒಂದ ಕಡೆ, ನೋಡಿದವರು ಏನರೆ ಕಳಕೊಂಡಾಳ ಅಂತಾರ" ಎಂದು ಅಪ್ಪ ರೇಗಿದ. ಮುದ್ದೇಬಿಹಾಳದಲ್ಲಿ ಬೀಗರು ಉಪಚಾರದ ಮೇಲೆ ಉಪಚಾರ ಮಾಡಿ ಹೊರಡಲು ಬಿಡಲೇ ಇಲ್ಲ. ಹೋಳಿಗೆಯ ತಾಟಿನ ಮುಂದೆ ಕೂತು ನಾನು ಪರಾತಗಳನ್ನೇ ನೋಡುತ್ತಿದ್ದೆ.

ತಿರುಗಿ ಬಂದವಳೇ ಕಾಲು ತೊಳೆದು ಕೋಣೆಯ ಬಾಗಿಲು ತೆಗೆದೆ. ಬಿಳಿ ಇರಬೇಕಾದ ಪದರ ಕಂಬಳಿಯ ಹಾಗೆ ದಪ್ಪಗೆ, ಕಪ್ಪಗೆ ಬೆಳೆದು ನಿಂತಿತ್ತು. ತಿಂದುಂಡು ಪುಷ್ಟಿಯಾಗಿತ್ತು ಬೂಷ್ಟು. ಬಣ್ಣ ತೋರಿಸುವ ಕಾಗದ ಅದ್ದಿದರೆ ಹುಳಿಯ ಗುರುತು ಇಲ್ಲವೆನ್ನುವಷ್ಟು ಕಡಿಮೆ. ಮರುದಿನ ಬೆಳಿಗ್ಗೆಯೇ ಸಾಹುಕಾರರ ಜೀಪು ಬಂತು. ಅವರು ಒಂದು ಹನಿ ನಾಲಗೆಗೆ ಹಚ್ಚಿಕೊಂಡು ಅಪ್ಪನ ಮುಖ ನೋಡಿದರು.

"ಹುಳಿ ಎಲ್ಲೈತ್ರಿ? ಇದು ಬೆಲ್ಲದ ನೀರ ಆತಲ್ಲ."

"ಇನ್ನೊಮ್ಮೆ ಮಾಡಿ ತೋರಸ್ತೇನ್ರಿ" ಎಂದೆ.

"ನೋಡವಾ, ದಸರಾದೊಳಗ ನಾ ಪುಣೇದವರಿಗೆ ಹೂಂ ಅಥವಾ ಊಹೂಂ ಹೇಳಬೇಕು. ಅಷ್ಟರಾಗ ತೋರಿಸಿದಿ ಅಂದ್ರ ಛಲೋ."

ಜೀಪು ಹೋದ ಮೇಲೆ ಪರಾತಗಳನ್ನು ಹಿತ್ತಲ ಮೋರಿಗೆ ಹೊತ್ತು ತಂದು ಮಗುಚಿದೆ. ಮೊದಲನೆಯದರಿಂದ ಏನೋ ಠಣ್ಣೆಂದು ಕಲ್ಲಿನ ಮೇಲೆ ಬಿತ್ತು. ಮೊಳೆ. ಉದ್ದನೆಯ, ತುಕ್ಕು ಕರಗಿ ಸೊರಗಿದ ಕಬ್ಬಿಣದ ಮೊಳೆ. ಎರಡನೆಯದರಲ್ಲೂ ಇತ್ತು. ಎಲ್ಲದರಲ್ಲೂ ಇತ್ತು.

"ಇದನ್ನ ಯಾರ ಹಾಕಿದ್ರು?" ಎಂದು ಕೂಗಿದೆ.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ನಾನ ಹಾಕೇನಿ. ಬಾಜೂಮನಿಯವರು ಕೂಸಿನ್ನ ನೋಡಾಕ ಬಂದವರು ಬಾಗಲದಾಗ ನಿಂತು, ಎಷ್ಟ ಚಂದ ಕೆನಿ ಕಟ್ಟೈತೆವಾ, ನಿನ್ನ ಮಗಳು ಭಾಳ ಶ್ಯಾಣ್ಯಾಕಿ ಅಂತ ಬಾಯಿ ತಕ್ಕೊಂಡ ನೋಡಿದ್ರು. ಕಣ್ಣ ಬೀಳಬಾರ್ದಂತ ಒಂದೊಂದ ಮೊಳಿ ಬಿಟ್ಟೆ. ಹಂಗ ಬಿಟ್ಟಿಲ್ಲ ಮತ್ತ, ಕುದಿಯೋ ನೀರಾಗ ತೊಳದ ಬಿಟ್ಟೇನಿ."

ಬಾಣಂತಿಯ ದಿಂಬಿನಡಿ ಕುಡಗೋಲು ಇರುವ ಮನೆ ಅದು. ಹೊತ್ತು ಮುಳುಗಿದ ಮೇಲೆ ಹಾಲಿನ ತಂಬಿಗೆ ಓಣಿ ದಾಟಬೇಕಾದರೂ ಜೊತೆಗೊಂದು ಕಬ್ಬಿಣದ ಚೂರು ಹೋಗುತ್ತಿತ್ತು. ನನ್ನ ಕೋಣೆಗೂ ಬಾಣಂತಿ ಕೋಣೆಯ ಎಲ್ಲ ಕಾಯಿದೆಗಳನ್ನು ನಾನೇ ಹಾಕಿದ್ದೆ. ಬಾಕಿ ಉಳಿದಿದ್ದ ಒಂದನ್ನು ಅವ್ವ ಸೇರಿಸಿದ್ದಳು. ಇದೆಲ್ಲ ಆಮೇಲೆ ತಿಳಿದದ್ದು. ಆ ಗಳಿಗೆಯಲ್ಲಿ ಸಿಟ್ಟು ನೆತ್ತಿಗೇರಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹಳ್ಳಿ ಬುದ್ಧಿ ಅಂದೆ, ನನ್ನ ಅನ್ನ ಕಳದಿ ಅಂದೆ. ಕೂಸು ಎದ್ದು ಅಳತೊಡಗಿತು.

ಅವ್ವ ಅಳಲಿಲ್ಲ. ನಾನು ಸುಸ್ತಾಗುವ ತನಕ ನಿಂತು ಕೇಳಿ, "ಕಬ್ಬಿಣ ಇದ್ರ ಏನಾಗತೈತಿ ಅದಕ್ಕ?" ಎಂದಳು.

"ತಿಂದದ್ದೆಲ್ಲ ಅದರ ಮೈಗೆ ಹತ್ತತೈತಿ. ನಮಗ ಹುಳಿ ಬಿಡೂದಿಲ್ಲ."

"ಅಂದ್ರ ಅದಕ್ಕ ಬೇಕಾದ್ದ ಕೊಡದನ ದುಡಿಸ್ಕೋತಿ ಅನ್ನು."

"ಹೂಂ."

"ಪಾಪ" ಎಂದಳು ಅವ್ವ, ಬೂಷ್ಟಿನ ಕಡೆಗೇ ನೋಡುತ್ತಾ. ಒಳಗಿನಿಂದ ಅಕ್ಕ ನಗುವುದು ಕೇಳಿಸಿತು. ಅವಳಿಗೆ ರಕ್ತ ಕಡಿಮೆಯೆಂದು ಡಾಕ್ಟರಮ್ಮ ಗುಳಿಗೆ ಕೊಟ್ಟಿದ್ದರು. "ನನಗ ಕಬ್ಬಿಣದ ಗುಳಿಗಿ, ಅದಕ್ಕ ಕಬ್ಬಿಣದ ಮೊಳಿ. ಅವ್ವ ಇಬ್ಬರಿಗೂ ಭೇದ ಮಾಡಿಲ್ಲ ನೋಡ" ಎಂದಳು. ನನಗೆ ನಗು ಬರಲಿಲ್ಲ.

ತಳಿ ಕೆಟ್ಟಿರಲಿಲ್ಲ; ನಳಿಕೆಗಳಲ್ಲಿ ಭದ್ರವಾಗಿತ್ತು. ಪರಾತಗಳನ್ನು ಉಜ್ಜಿ ಉಜ್ಜಿ ತೊಳೆದು, ಕಾಕಂಬಿ ಕುದಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಮನೆ ಬಿಟ್ಟು ಅಲುಗಲಿಲ್ಲ. ಆದರೆ ಕೂರಲೂ ಆಗಲಿಲ್ಲ. ಅಂಗಳದಿಂದ ಹಿತ್ತಲಿಗೆ, ಹಿತ್ತಲಿನಿಂದ ಅಂಗಳಕ್ಕೆ. ಅವ್ವ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಳು. ಆದರೆ ಕೋಣೆಯ ಬಾಗಿಲ ಹತ್ತಿರ ಯಾರಾದರೂ ಸುಳಿದರೆ, "ಕೈಯಾಗ ಕಬ್ಬಿಣ ಏನರೆ ಐತೇನು?" ಎಂದು ತಡೆಯುತ್ತಿದ್ದಳು. ಹುಲ್ಲು ಕೊಯ್ದು ಬಂದ ಆಳಿನ ಕುಡಗೋಲನ್ನು ಅಂಗಳದಲ್ಲೇ ಇಡಿಸಿದಳು. ದೃಷ್ಟಿಯ ಭಯ ಅವಳಿಗೆ ಹೋಗಿರಲಿಲ್ಲ. ಪದರ ಬೆಳ್ಳಗೆ ಕಟ್ಟುತ್ತಾ ಬಂದಾಗ ಅವಳು ಅದರ ಕಡೆ ನೋಡದೆ ಮುಖ ತಿರುಗಿಸಿ ಓಡಾಡಿದ್ದನ್ನು ಕಂಡೆ. ತನ್ನ ಕಣ್ಣೂ ತಾಗಬಾರದೆಂದು.

ಕಾಗದ ಅದ್ದಿದ ದಿನ ಬಣ್ಣ ಒಮ್ಮೆಲೇ ತಿರುಗಿತು. ಅಪ್ಪನಿಗೆ ಒಂದು ಹನಿ ಕೊಟ್ಟೆ. ಅವನ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. "ನನ್ನ ವ್ಯಾಪಾರ ಮುಗಸ್ತಿ ನೀ" ಎಂದ, ಖುಷಿಯಿಂದ.

ದಸರಾಕ್ಕೆ ಇನ್ನೂ ಸ್ವಲ್ಪ ದಿನವಿರುವಾಗಲೇ ಗಾಜಿನ ಬಾಟಲಿಯಲ್ಲಿ ಹುಳಿ ತುಂಬಿಕೊಂಡು ಝಳಕಿಗೆ ಹೊರಟೆ. ಅವ್ವ ಬುತ್ತಿ ಕಟ್ಟಿ ನನ್ನ ಚೀಲಕ್ಕೆ ಇಟ್ಟಳು. ಅವಳ ಮೇಲೆ ಇನ್ನೂ ಅನುಮಾನ ನನಗೆ.

"ಬಾಟ್ಲಿಯೊಳಗ ಏನೂ ಹಾಕಿಲ್ಲ ಹೌದಿಲ್ಲೋ?"

"ಬಾಟ್ಲಿಯೊಳಗ ಏನೂ ಹಾಕಿಲ್ಲ. ಹೋಗಿ ಬಾ" ಎಂದಳು.

ಝಳಕಿಯಲ್ಲಿ ಸಾಹುಕಾರರು ಹನಿ ನೆಕ್ಕಿ, ತಲೆ ಕೊಡವಿ, ಮತ್ತೊಂದು ಹನಿ ನೆಕ್ಕಿದರು. "ಹೌದ ನೋಡವಾ, ಇದು ಹುಳಿ. ಪುಣೇದವರಿಗೆ ಬರಬ್ಯಾಡ್ರಿ ಅಂತ ತಿಳಸ್ತೇನಿ" ಎಂದು ಸುಣ್ಣದ ವಾಸನೆ ಆರದ ಒಂದು ಕೋಣೆಯ ಬೀಗ ತೆಗೆದು ಒಳಗೆ ಬಿಟ್ಟರು. ಕಲ್ಲಿನ ಕಟ್ಟೆ, ಮರದ ಕಪಾಟು, ಕಿಟಕಿಯಾಚೆ ಲಾರಿಗಳು. ಅವರು ಹೋದ ಮೇಲೆ ಕೋಣೆಯ ಉದ್ದಗಲ ನಡೆದೆ, ಮತ್ತೆ ನಡೆದೆ. ಖುಷಿಗೆ ಕಣ್ಣು ತುಂಬಿತು. ಹಸಿವಾಗಿದೆಯೆಂದು ಆಗ ಗೊತ್ತಾಯಿತು.

ಬುತ್ತಿ ಬಿಚ್ಚಿದೆ. ರೊಟ್ಟಿಯ ಕೆಳಗೆ, ಚೀಲದ ತಳದಲ್ಲಿ, ಅರಿಶಿನ ಹಚ್ಚಿದ ಬಟ್ಟೆಯ ಚೂರಿನಲ್ಲಿ ಸುತ್ತಿದ ಒಂದು ಮೊಳೆಯಿತ್ತು. ಅದು ಬಾಟಲಿಗಲ್ಲ, ನನಗೆ.

ಆ ಕೋಣೆಯಲ್ಲಿ ಕಬ್ಬಿಣ ಇರುವಂತಿರಲಿಲ್ಲ. ಆ ನಿಯಮ ಮಾಡಿದವಳು ನಾನೇ. ಎಸೆಯಲೂ ಆಗಲಿಲ್ಲ. ಎದ್ದು ಹೋಗಿ ಹೊಸಿಲಿನ ಆಚೆ, ಬಿಟ್ಟಿದ್ದ ಚಪ್ಪಲಿಯ ಪಕ್ಕ ಇಟ್ಟು ಬಂದೆ. ಸಂಜೆ ಬಸ್ಸಿಗೆ ಹೊರಡುವಾಗ ಚಪ್ಪಲಿ ಮೆಟ್ಟಿ, ಅದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ. ಅಲ್ಲಿ ಕೆಲಸ ಮಾಡಿದಷ್ಟು ಕಾಲವೂ ದಿನಾ ಹಾಗೇ ಮಾಡಿದೆ.