ಮೋಟಾರ್ ಸೈಕಲ್ಲಿನ ಅಭ್ಯಂಜನ

ಅರವತ್ತರ ದಶಕದ ಆರಂಭದಲ್ಲಿ ನನ್ನ ಹೆಂಡತಿಗೆ ಆಲಂಕಾರಿನಿಂದ ಸ್ವಲ್ಪ ಒಳಗಿದ್ದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಕೆಲಸ ಕಾಯಂ ಅಲ್ಲ. ಮಾರ್ಚಿಯಲ್ಲಿ ಹೆಡ್‌ಮಾಸ್ತರರು ಬರೆಯುವ ವರದಿಯ ಮೇಲೆ ಅದರ ಅಳಿವು ಉಳಿವು ನಿಂತಿತ್ತು. ನಾವಿದ್ದದ್ದು ಕಡಬದಲ್ಲಿ. ಬೆಳಗಿನ ಬಸ್ಸು ಪ್ರಾರ್ಥನೆ ಮುಗಿದು ಮಗ್ಗಿ ಶುರುವಾದ ಮೇಲೆಯೇ ಅಲ್ಲಿಗೆ ತಲುಪುತ್ತಿದ್ದುದರಿಂದ ನಾನು ಮಿಲಿಟರಿಯವರು ಬಳಸಿ ಬಿಟ್ಟ ಒಂದು ಮೋಟಾರ್ ಸೈಕಲ್ ತಂದೆ. ಯುದ್ಧ ಕಂಡ ವಸ್ತುವಿಗೆ ಸಲ್ಲಬೇಕಾದ ಮರ್ಯಾದೆಯನ್ನು ಮೊದಲ ದಿನದಿಂದಲೇ ಸಲ್ಲಿಸಿದೆ.

ಅದರ ಎಕ್ಸಿಲೇಟರಿನ ಹಿಡಿ ತಿರುಗಿಸುವಾಗ ಕಿರ್ ಎನ್ನುತ್ತಿತ್ತು. ನಮ್ಮಲ್ಲಿ ಕಿರ್ ಎನ್ನುವ ಯಾವುದಕ್ಕೂ ಮದ್ದು ತೆಂಗಿನೆಣ್ಣೆ. ಕಿರ್ ಎನ್ನದ ಕಿವಿನೋವಿಗೂ ಒಡೆದ ಹಿಮ್ಮಡಿಗೂ ಅದೇ. ದೀಪಾವಳಿಯ ಹೊತ್ತಿಗೆ ನಾಲ್ಕು ಹನಿ ಹಿಡಿಗೆ, ಇನ್ನು ನಾಲ್ಕು ಹನಿ ಅಲ್ಲಿಂದ ಎಂಜಿನ್ನಿಗೆ ಹೋಗುವ ಕೇಬಲ್ಲಿನ ಕೊಳವೆಯೊಳಗೆ ಬಿಟ್ಟೆ. ಕಿರ್ ನಿಂತಿತು. ನನಗೆ ಯಂತ್ರಜ್ಞಾನ ಇದೆಯೆಂದು ನನಗೆ ಗೊತ್ತಾದದ್ದು ಆಗ.

ಧನು ತಿಂಗಳ ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ, ಶಾಲೆಗೆ ಮೊದಲಿನ ಏರಿನಲ್ಲಿ ತಿರುಗಿಸಿದ ಹಿಡಿ ಇಳಿಜಾರಿನಲ್ಲಿ ಹಿಂದಕ್ಕೆ ಬರಲಿಲ್ಲ. ಬ್ರೇಕಿಗೆ ಗಾಡಿ ಜಗ್ಗಲಿಲ್ಲ, ಕ್ಲಚ್ ಹಿಡಿದರೆ ಎಂಜಿನ್ ಒಡೆದೀತೆಂಬ ಭಯ ನನಗೆ, ಎಂಜಿನ್ ನಿಲ್ಲಿಸಬಹುದೆಂಬುದು ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಶಾಲೆ ಬಂತು. ಶಾಲೆ ಹೋಯಿತು. ಗಂಟೆ ಹೊಡೆಯಲು ಕೈ ಎತ್ತಿದ್ದ ಹೆಡ್‌ಮಾಸ್ತರರು ಎತ್ತಿದ ಕೈಯಲ್ಲೇ ನಮ್ಮನ್ನು ನೋಡಿದರು. ಸಾಲಿನಲ್ಲಿದ್ದ ಮಕ್ಕಳು "ನಮಸ್ತೇ ಟೀಚರ್" ಎಂದರು. ನಮಸ್ಕರಿಸಲು ಹೆಂಡತಿ ಒಂದು ಕೈ ಬಿಟ್ಟವಳು ಕೂಡಲೇ ಮನಸ್ಸು ಬದಲಾಯಿಸಿದಳು. ಮುಂದಿನ ದೊಡ್ಡ ಏರಿನಲ್ಲಿ ಗಾಡಿಗೆ ಉಸಿರು ಕಟ್ಟಿದ ಮೇಲೆ ಇಳಿದು, ದೂಡಿಕೊಂಡು ವಾಪಸು ಬಂದೆವು.

"ಗಂಟೆ ಹೊಡೆಯುವಾಗ ನಾನು ಇಲ್ಲಿಯೇ ಇದ್ದೆನಲ್ಲ ಸಾರ್," ಎಂದಳು ಅವಳು.

"ಇದ್ದದ್ದಲ್ಲ ಟೀಚರೇ, ದಾಟಿದ್ದು. ದಾಟಿ ಹೋಗುದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ."

ಮೂರು ದಿನ ಬಿಟ್ಟು ಹಿಡಿ ಮನೆಯ ಅಂಗಳದಲ್ಲಿಯೇ ಸಿಕ್ಕಿಕೊಂಡಿತು. ಗಾಡಿ ನಿಂತಲ್ಲೇ ಬೊಬ್ಬೆ ಹೊಡೆಯಿತು. ಎಂಜಿನ್ ನಿಲ್ಲಿಸಿ, ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಅದರ ಮುಖ ನೋಡುತ್ತ ಕಾದೆವು. ಬಿಸಿಲು ಹಲಸಿನ ಮರ ದಾಟಿ ಅಂಗಳಕ್ಕೆ ಬಿದ್ದ ಸ್ವಲ್ಪ ಹೊತ್ತಿಗೆ ಹಿಡಿ ಟಕ್ಕೆಂದು ತಾನಾಗಿಯೇ ಹಿಂದೆ ಬಂತು. ಅದರ ಸಿಟ್ಟು ಇಳಿಯಿತೆಂದು ಭಾವಿಸಿದೆ. ಬಿಸಿಲಿನ ಬಗ್ಗೆ ಯೋಚಿಸಲಿಲ್ಲ.

ಶಾಲೆಯಲ್ಲಿ ಎರಡನೆಯ ಪೀರಿಯಡ್ ನಡೆಯುತ್ತಿತ್ತು. "ಇನ್ನೊಂದು ಸಲ ಹೀಗಾದರೆ ನಾನು ವರದಿಯಲ್ಲಿ ಬರೆಯಬೇಕಾಗ್ತದೆ ಟೀಚರೇ," ಎಂದರು ಹೆಡ್‌ಮಾಸ್ತರರು. ನನ್ನ ಕಡೆ ತಿರುಗಿ, "ಬರೆಯಲಿಕ್ಕೆ ನನಗೇನೂ ಖುಷಿ ಇಲ್ಲ ಮಾರಾಯ್ರೆ," ಎಂದೂ ಸೇರಿಸಿದರು.

ಭಾನುವಾರ ಪುತ್ತೂರಿನ ಮೆಕ್ಯಾನಿಕ್ಕರಲ್ಲಿಗೆ ಹೋದೆ. ತಲುಪುವಾಗ ನಡು ಮಧ್ಯಾಹ್ನ. ಅವರು ಹಿಡಿಯನ್ನು ಹತ್ತು ಸಲ ತಿರುಗಿಸಿ ಬಿಟ್ಟರು.

"ಎಂತ ಸಿಕ್ಕುದು ಮಾರಾಯ್ರೆ? ಲಾಯ್ಕಲ್ಲಿ ತಿರುಗ್ತಾ ಉಂಟು."

"ಬೆಳಿಗ್ಗೆ ತಿರುಗುದಿಲ್ಲ."

"ಬೆಳಿಗ್ಗೆ ನನ್ನ ಕೈಕಾಲೂ ತಿರುಗುದಿಲ್ಲ. ಒಂದು ಚಾ ಕುಡಿದರೆ ಸರಿಯಾಗ್ತದೆ." ನನ್ನ ಮುಖ ನೋಡಿ ಕನಿಕರವಾಗಿರಬೇಕು. "ಎಣ್ಣೆ ಸಾಲದಾಗಿರಬಹುದು. ಧಾರಾಳ ಬಿಡಿ," ಎಂದರು.

ಯಾವ ಎಣ್ಣೆ ಎಂದು ಅವರು ಹೇಳಲಿಲ್ಲ. ಯಾವ ಎಣ್ಣೆ ಎಂದು ಕೇಳುವ ಊರಿನವನು ನಾನಲ್ಲ. ಸಂಜೆ ಮನೆಗೆ ಬಂದು, ಕೇಬಲ್ಲಿನ ಆಚೆ ತುದಿಯಲ್ಲಿ ತೊಟ್ಟಿಕ್ಕುವವರೆಗೂ ಬಿಟ್ಟೆ.

ಸೋಮವಾರ ಬೆಳಿಗ್ಗೆ ಹಿಡಿ ಅಲುಗಾಡಲೇ ಇಲ್ಲ. ಎರಡು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದೆ. ಅಷ್ಟರಲ್ಲಿ ಹೆಂಡತಿ ಬಚ್ಚಲಿನಿಂದ ಎಣ್ಣೆ ಬಾಟಲಿ ಹಿಡಿದುಕೊಂಡು ಬಂದಳು. ತಲೆಗೆ ಹಚ್ಚಲೆಂದು ಅದನ್ನು ಬಚ್ಚಲೊಲೆಯ ದಂಡೆಯಲ್ಲಿ ಕರಗಲು ಇಟ್ಟಿದ್ದಳು.

"ಬಾಟಲಿ ನಿನ್ನೆ ತುಂಬ ಇತ್ತು. ಎಂತ ಮಾಡಿದ್ದು ನೀವು?"

"ಗಾಡಿಗೆ ಬಿಟ್ಟೆ."

ಅವಳು ಬಾಟಲಿಯನ್ನು ನೋಡಿದಳು. ಒಲೆಯ ಬದಿಗೆ ಸ್ವಲ್ಪ ಕರಗಿತ್ತು. ಉಳಿದದ್ದು ಬೆಳ್ಳಗೆ ಗಟ್ಟಿ. ಆಮೇಲೆ ಗಾಡಿಯನ್ನು ನೋಡಿದಳು. ನನ್ನನ್ನು ನೋಡಿದ್ದು ಕೊನೆಗೆ.

"ಚಳಿಗೆ ಇದು ಬಾಟಲಿಯಲ್ಲೇ ಕಲ್ಲಾಗ್ತದೆ. ಆ ಸಪೂರ ಕೊಳವೆಯಲ್ಲಿ ನೀರಾಗಿ ಇರ್ತದಾ?"

ಶಾಲೆಗೆ ಹೊತ್ತಾಗುತ್ತಿತ್ತು. ಹಂಡೆಯಿಂದ ಚೆಂಬು ಚೆಂಬು ಬಿಸಿನೀರು ತಂದು ಹಿಡಿಯಿಂದ ಕೇಬಲ್ಲಿನ ಉದ್ದಕ್ಕೂ ಹೊಯ್ದೆ. "ಅಲ್ಲಿ ಅಲ್ಲ, ಕೆಳಗೆ. ಇನ್ನೂ ಕೆಳಗೆ," ಎಂದು ಅವಳು ನಿಂತು ಹೇಳುತ್ತಿದ್ದಳು. ನಾಲ್ಕನೆಯ ಚೆಂಬಿಗೆ ಟಕ್ ಎಂದಿತು. ದಾರಿಯ ಗಾಳಿಗೆ ಮತ್ತೆ ಹೆಪ್ಪಾಗಬಾರದೆಂದು ಅವಳು ಕಾಫಿಯ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿ ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತಳು. ಅರ್ಧ ದಾರಿಯಲ್ಲಿ ನಿಲ್ಲಿಸಿ ಇನ್ನೊಂದು ಸುತ್ತು ಹೊಯ್ದೆವು.

ಅಂದು ಶಾಲೆಯ ಎದುರೇ ನಿಂತೆವು. ಗಂಟೆ ಹೊಡೆದಿರಲಿಲ್ಲ. ಅವಳು ರುಜು ಹಾಕುತ್ತಿದ್ದಾಗ ಹೆಡ್‌ಮಾಸ್ತರರು ನೀರು ತೊಟ್ಟಿಕ್ಕುತ್ತಿದ್ದ ಗಾಡಿಯನ್ನೂ ತೊಡೆಯವರೆಗೆ ಒದ್ದೆಯಾಗಿದ್ದ ನನ್ನನ್ನೂ ನೋಡಿದರು.

"ಎಂತ ರಿಪೇರಿ ಮಾಡಿಸಿದ್ದು ಟೀಚರೇ?"

"ಬಿಸಿನೀರಿನಲ್ಲಿ ಮೀಯಿಸಿದ್ದು ಸಾರ್."

"ಗಾಡಿಯನ್ನೋ, ಇವರನ್ನೋ?"

ಆ ಸಂಜೆಯೇ ಕೇಬಲ್ಲನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅವಳ ಕಣ್ಗಾವಲಿನಲ್ಲಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಮಾರ್ಚಿಯ ವರದಿಯಲ್ಲಿ ಹೆಡ್‌ಮಾಸ್ತರರು "ಸಮಯಪಾಲನೆ ತೃಪ್ತಿಕರ" ಎಂದು ಬರೆದರು. ಕೆಲಸ ಕಾಯಂ ಆಯಿತು. ಶಾಲೆ ದಾಟಿ ಹೋದ ದಿನದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಕಾಲಂ ಇರಲಿಲ್ಲವಲ್ಲ.