ಮೊನ್ನೆ ಎಂಬ ದಿನಾಂಕ

ಇದನ್ನು ಬರೆಯುವ ಮೊದಲು ಆ ಬುಧವಾರದ ಡೈರಿಯ ಪುಟ ತೆಗೆದು ನೋಡಿದೆ. ಅಲ್ಲಿರುವುದು ಒಂದೇ ಸಾಲು: "ಜರಡಿ ಅಕ್ಕ, ಮೊನ್ನೆ." ಉಳಿದದ್ದೆಲ್ಲ ನನ್ನ ನೆನಪು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ನಾನು ತಮಿಳುನಾಡಿನ ಓಮಲೂರಿನ ಹತ್ತಿರದ ಒಂದು ಸಾಬಕ್ಕಿ ಕಾರ್ಖಾನೆಯಲ್ಲಿ ಗುಣಮಟ್ಟದ ವಿಭಾಗದಲ್ಲಿದ್ದೇನೆ. ಪ್ರತಿ ವಿಭಾಗವೂ ನಿಯಮದಂತೆ ನಡೆಯುತ್ತಿದೆಯೇ ಎಂದು ಆಡಿಟ್ ಮಾಡಿ ಸಾಫ್ಟ್‌ವೇರಿನಲ್ಲಿ ದಾಖಲಿಸುವುದು ನನ್ನ ಕೆಲಸ. ವರ್ಷದ ಆಡಿಟ್‌ಗಳೆಲ್ಲ ಅದರಲ್ಲಿ ಒಂದು ಕ್ಯಾಲೆಂಡರಿನ ಮೇಲೆ ಚೌಕಗಳಾಗಿ ಕೂತಿರುತ್ತವೆ. ಮುಗಿದರೆ ಹಸಿರು, ದಿನ ಮೀರಿದರೆ ಕೆಂಪು. ಒಂದು ಚೌಕವನ್ನು ಎರಡು ಸಲ ಮುಂದೂಡಬಹುದು. ಮೂರನೆಯ ಸಲ ಮುಂದೂಡಿದರೆ ಮಾಲೀಕರಿಗೆ ತಾನಾಗಿ ಮೇಲ್ ಹೋಗುತ್ತದೆ. ಜರಡಿ ವಿಭಾಗದ ಚೌಕವನ್ನು ನಾನು ಆಗಲೇ ಎರಡು ಸಲ ಮುಂದೂಡಿದ್ದೆ. ಮುಂದಿನ ವಾರ ಸಾಬಕ್ಕಿ ಕೊಳ್ಳುವ ಕಂಪನಿಯವರೇ ಆಡಿಟ್‌ಗೆ ಬರುವವರಿದ್ದರು. ಅಷ್ಟರೊಳಗೆ ಪರದೆಯಲ್ಲಿ ಒಂದೂ ಕೆಂಪು ಇರಬಾರದು ಎಂಬುದೇ ನನ್ನ ತಲೆಯಲ್ಲಿತ್ತು.

ಒಣಗಿದ ಸಾಬಕ್ಕಿ ಮೂಟೆಗೆ ಹೋಗುವ ಮೊದಲು ತಂತಿಯ ಜಾಲರಿಯ ಜರಡಿಯ ಮೇಲೆ ಕೊನೆಯ ಸಲ ಹಾಯುತ್ತದೆ. ಜಾಲರಿ ಹರಿದರೆ ತಂತಿಯ ಚೂರು ಮೂಟೆ ಸೇರಬಹುದು. ಆ ಜರಡಿಯನ್ನು ದಿನಾ ಕಣ್ಣಿಟ್ಟು ನೋಡಿ ಪುಸ್ತಕದಲ್ಲಿ ಗುರುತು ಹಾಕುವವರು, ನಾವೆಲ್ಲ ಅಕ್ಕ ಎಂದು ಕರೆಯುವ ಒಬ್ಬ ಹೆಂಗಸು. ಧರ್ಮಪುರಿ ಕಡೆಯ ಕುರಿ ಸಾಕುವ ಮನೆಯವರು. ಅವರದ್ದೂ ನನ್ನದೂ ಮನೆಮಾತು ಕನ್ನಡ. ಇಡೀ ಕಾರ್ಖಾನೆಯಲ್ಲಿ ನನ್ನನ್ನು ಮೇಡಂ ಅನ್ನದೆ "ಕಣ್ಣು" ಎಂದು ಕರೆಯುತ್ತಿದ್ದವರು ಅವರೊಬ್ಬರೇ. ಕಣ್ಣು ಎಂಬುದು ತಮಿಳಿನ ಮುದ್ದು; ನಮ್ಮ ಕಡೆಯ ಕನ್ನಡದಲ್ಲಿ ಅದು ಯಾವತ್ತೋ ಸೇರಿಹೋಗಿದೆ.

ಆ ಬೆಳಿಗ್ಗೆ ಟ್ಯಾಬ್ ಹಿಡಿದು ಅವರ ಪಕ್ಕ ನಿಂತು ಒಂದೊಂದೇ ಪ್ರಶ್ನೆ ಓದಿದೆ. ಪ್ರಶ್ನೆಗಳು ಇಂಗ್ಲಿಷಿನಲ್ಲಿರುತ್ತವೆ, ನಾನು ಕನ್ನಡದಲ್ಲಿ ಕೇಳುತ್ತೇನೆ. ಜಾಲರಿ ಕೊನೆಯ ಸಲ ಬದಲಾಯಿಸಿದ್ದು ಯಾವಾಗ ಎಂದು ಕೇಳಿದೆ.

"ಮೊನ್ನೆ ಅರಿದೋಯ್ತಲ್ಲ ಕಣ್ಣು, ಆಗ್ಲೇ ಬದ್ಲಾಯಿಸ್ದೆ."

ಉತ್ತರದ ಜಾಗದಲ್ಲಿ ಅಕ್ಷರ ಬರೆಯಲು ಬರುವುದಿಲ್ಲ, ದಿನಾಂಕ ಮಾತ್ರ ಒತ್ತಬಹುದು. ಬುಧವಾರದಿಂದ ಹಿಂದಕ್ಕೆ ಎರಡು ಮನೆ ಎಣಿಸಿ ಸೋಮವಾರವನ್ನು ಒತ್ತಿದೆ.

ಅವರ ಪುಸ್ತಕ ಆಗ ಅಲ್ಲಿರಲಿಲ್ಲ. ಕಂಪನಿಯವರಿಗೆ ತೋರಿಸಲು ನಕಲು ತೆಗೆಯಬೇಕೆಂದು ಆಫೀಸಿನಲ್ಲಿತ್ತು. ಮಧ್ಯಾಹ್ನ ಅದು ನನ್ನ ಕೈಗೆ ಬಂತು. ಸೋಮವಾರದ ಸಾಲಿನಲ್ಲಿ ಜಾಲರಿ ಸರಿಯಾಗಿದೆ ಎಂಬ ಗುರುತು. ಬದಲಾಯಿಸಿದ್ದು ಹಿಂದಿನ ವಾರದ ಶನಿವಾರ ಎಂದು ಬರೆದಿತ್ತು. ಹಾಗಾದರೆ ಸೋಮವಾರ ಹರಿದಿದ್ದನ್ನು ಮುಚ್ಚಿಟ್ಟು ಸರಿ ಎಂದು ಗುರುತು ಹಾಕಿದ್ದಾರೆಯೇ? ಸೋಮವಾರದ ಮೂಟೆಗಳು ಲಾರಿ ಹತ್ತಲು ಸಿದ್ಧವಾಗಿ ನಿಂತಿದ್ದವು. ಅಕ್ಕನ ಪಾಳಿ ಮುಗಿದು ಅವರು ಬಸ್ ಹತ್ತಿಯಾಗಿತ್ತು. ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಐದು ಗಂಟೆಗೆ ಚೌಕ ಕೆಂಪಾಗುತ್ತಿತ್ತು ಎಂಬುದು ಒಂದು ಉತ್ತರ. ಆಡಿಟ್‌ಗೆ ಒಳಗಾದವರನ್ನೇ ಮತ್ತೆ ಕೇಳಿ ಉತ್ತರ ತಿದ್ದಿಸಿದಂತಾಗುತ್ತದೆ ಎಂದು ಹೆದರಿದೆ ಎಂಬುದು ಇನ್ನೊಂದು. ಈ ಎರಡನೆಯದನ್ನು ನಾನು ಆಮೇಲೆ ಕಟ್ಟಿಕೊಂಡಿರಲೂಬಹುದು.

ನಿಯಮಕ್ಕೆ ಹೊಂದದ ಸಂಗತಿ ಸಿಕ್ಕಿದರೆ ನಾವು ಅದನ್ನು ಎನ್.ಸಿ. ಅನ್ನುತ್ತೇವೆ. ಅದರ ಕಾರಣವನ್ನು ಒಂದು ಪಟ್ಟಿಯಿಂದ ಆರಿಸಬೇಕು. "ದಾಖಲೆಯೂ ಹೇಳಿಕೆಯೂ ತಾಳೆಯಾಗುತ್ತಿಲ್ಲ" ಎಂಬುದನ್ನು ಆರಿಸಿ ಒತ್ತಿದೆ. ಸುಳ್ಳು ದಾಖಲೆ ಎಂದು ನಾನು ಎಲ್ಲೂ ಬರೆಯಲಿಲ್ಲ. ಆದರೆ ಸಾಫ್ಟ್‌ವೇರು ಇದನ್ನು ಆ ವರ್ಗಕ್ಕೇ ಸೇರಿಸುತ್ತದೆ ಎಂದು ನನಗೆ ಗೊತ್ತಿತ್ತು. ಒತ್ತಿದ ಕೂಡಲೇ ದಾಖಲೆಗೆ ಬೀಗ ಬಿತ್ತು, ಸೋಮವಾರದ ಮೂಟೆಗಳಿಗೆ ತಡೆ ಬಿತ್ತು, ಮ್ಯಾನೇಜರಿಗೆ ಮೇಲ್ ಹೋಯಿತು. ಚೌಕ ಹಸಿರಾಯಿತು.

ಮರುದಿನ ಮ್ಯಾನೇಜರು ಅಕ್ಕನನ್ನು ತಮ್ಮ ಕೋಣೆಗೆ ಕರೆಸಿದರು. ನಾನೂ ಇದ್ದೆ. ಮ್ಯಾನೇಜರಿಗೆ ಕನ್ನಡ ಬಾರದು, ಕೇಳಿದ್ದೆಲ್ಲ ತಮಿಳಿನಲ್ಲಿ. ಜಾಲರಿ ಬದಲಾಯಿಸಿದ್ದು ಯಾವಾಗ ಎಂದಾಗ ಅಕ್ಕ "ಅನ್ನಿಕ್ಕೇ ಮಾತ್ತಿಟ್ಟೇನ್ ಸಾರ್" ಅಂದರು. ಹರಿದ ದಿನವೇ, ಆವತ್ತೇ ಬದಲಾಯಿಸಿಬಿಟ್ಟೆ, ಎಂದು. ಮ್ಯಾನೇಜರು ಪರದೆಯನ್ನು ಅವರ ಕಡೆ ತಿರುಗಿಸಿದರು. ನಿನ್ನೆ ಸೋಮವಾರ ಅಂದವಳು ಇವತ್ತು ‘ಆವತ್ತೇ’ ಅನ್ನುತ್ತಿದ್ದೀಯ, ನಾಳೆ ಇನ್ನೇನು ಹೇಳುತ್ತೀಯ ಎಂದು ಕೇಳಿದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ವಿಚಾರಣೆ ಮುಗಿಯುವವರೆಗೆ ಸಾಬಕ್ಕಿ ಮಾಡುವ ಮರಗೆಣಸಿನ ಸಿಪ್ಪೆ ತೆಗೆಯುವ ಕಡೆಗೆ ಹೋಗಬೇಕು, ಎನ್.ಸಿ. ಖಚಿತವಾದರೆ ಕೆಲಸದಿಂದಲೇ ತೆಗೆಯಬೇಕಾಗುತ್ತದೆ ಎಂದು ಮೆಲ್ಲಗೆ ತಿಳಿಸಿದರು.

ಅಕ್ಕ ನನ್ನ ಕಡೆ ತಿರುಗಿದರು.

"ನಿನ್ ತಾವ ಮೊನ್ನೆ ಅಂತ ತಾನೇ ಏಳಿದ್ದು. ನಾನ್ಯಾವಾಗ ಸೋಮ್ವಾರ ಅಂದೆ, ಕಣ್ಣು?"

ಆಗ ತಿಳಿಯಿತು. ನಮ್ಮ ಮನೆಯಲ್ಲಿ ಮೊನ್ನೆ ಅಂದರೆ ನಿನ್ನೆಯ ಹಿಂದಿನ ದಿನವೂ ಹೌದು, ಈಚೆಗೆ ಯಾವತ್ತೋ ಒಂದು ದಿನವೂ ಹೌದು. ನಾನು ಕಾಲೇಜು ಸೇರಿದಾಗ ಅಜ್ಜಿ "ಮೊನ್ನೆ ಉಟ್ಟಿದ್ ಮಗು, ಇವತ್ತು ಕಾಲೇಜಂತೆ" ಅಂದಿದ್ದಳು. ತಮಿಳು ಇವೆರಡನ್ನೂ ಬೇರೆಬೇರೆ ಇಟ್ಟಿದೆ. ಮುಂದಾನಾಳ್ ಎಂದರೆ ಎರಡು ದಿನದ ಹಿಂದೆ, ಅಷ್ಟೇ. ಶಾಲೆಯೆಲ್ಲ ತಮಿಳಿನಲ್ಲೇ ಓದಿದವಳು ನಾನು. ಕನ್ನಡದ ಅಕ್ಷರ ಕಲಿತದ್ದೇ ಮೈಸೂರಿನಲ್ಲಿ ಎಂ.ಎಸ್ಸಿ. ಮಾಡುವಾಗ, ಹಾಸ್ಟೆಲಿನ ಗೆಳತಿಯೊಬ್ಬಳಿಂದ. ಅಕ್ಕ ಕನ್ನಡದಲ್ಲಿ ಹೇಳಿದ ಮೊನ್ನೆಯನ್ನು ನಾನು ತಮಿಳಿನ ಕಿವಿಯಲ್ಲಿ ಕೇಳಿಸಿಕೊಂಡು ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಒತ್ತಿದ್ದೆ.

ಆದರೆ ಆ ಕೋಣೆಯಲ್ಲಿ ನಾನು ಬಾಯಿ ಬಿಡಲಿಲ್ಲ. ತಿಳಿದದ್ದು ನಿಜವೋ, ಅಕ್ಕನ ಮುಖ ನೋಡಲಾರದೆ ಹುಟ್ಟಿಕೊಂಡ ಸಮಾಧಾನವೋ ಎಂಬ ಅನುಮಾನ ಬಂತು. ಮೊನ್ನೆ ಎನ್ನುವಾಗ ಅವರು ಕೈಯನ್ನು ಹೆಗಲ ಹಿಂದಕ್ಕೆ, ದೂರಕ್ಕೆ, ಬೀಸಿದ್ದರು ಎಂದು ಈಗ ಸ್ಪಷ್ಟವಾಗಿ ಕಾಣುತ್ತದೆ. ಆ ಹೊತ್ತಿನಲ್ಲಿ ನನ್ನ ಕಣ್ಣು ಟ್ಯಾಬಿನ ಮೇಲಿತ್ತಲ್ಲ, ಕೈಯನ್ನು ಹೇಗೆ ನೋಡಿದೆ? ಅಕ್ಕ ಸೆರಗು ಸಿಕ್ಕಿಸಿಕೊಂಡು ಸಿಪ್ಪೆಯ ಕಡೆಗೆ ನಡೆದುಹೋದರು.

ನೆನಪು ಬಿಟ್ಟು ಬೇರೆ ಏನಾದರೂ ಬೇಕಿತ್ತು. ಸ್ಟೋರಿಗೆ ಹೋಗಿ, ಆ ಜರಡಿಗೆ ಜಾಲರಿ ಕೊಟ್ಟ ಚೀಟಿಗಳನ್ನು ತೋರಿಸಿ ಎಂದೆ. ಸ್ಟೋರಿನವರು ನಕ್ಕರು. ಜಾಲರಿ ಏನು ವಡೆಯೇ ಮೇಡಂ, ದಿನಾ ಕೊಡಲು, ಎಂದು ಗೊಣಗುತ್ತಲೇ ಕಟ್ಟು ಬಿಚ್ಚಿದರು. ಒಂದೇ ಚೀಟಿ ಸಿಕ್ಕಿತು. ಹಿಂದಿನ ವಾರದ ಶನಿವಾರದ್ದು. ಚೀಟಿಯ ಹಿಂದೆ ಅಕ್ಕನ ರುಜು, ಹರಿದ ಜಾಲರಿ ವಾಪಸು ಬಂದಿದೆ ಎಂಬ ಸ್ಟೋರಿನವರ ಸಹಿ. ಅದಾದ ಮೇಲೆ ಜಾಲರಿ ಕೊಟ್ಟೇ ಇರಲಿಲ್ಲ. ಪುಸ್ತಕ ಸರಿಯಾಗಿತ್ತು. ಈ ಚೀಟಿಯನ್ನು ನಾನು ಬುಧವಾರವೇ ನೋಡಬೇಕಿತ್ತು. ಮಾತನ್ನು ಕಾಗದದೊಂದಿಗೆ ತಾಳೆ ನೋಡು ಎಂದು ಹೊಸಬರಿಗೆ ಪಾಠ ಹೇಳುವವಳೇ ನಾನು.

ಬೀಗ ಬಿದ್ದ ಎನ್.ಸಿ.ಯನ್ನು ಅಳಿಸಲಾಗುವುದಿಲ್ಲ, ಕಾರಣ ಬರೆದು ಮುಚ್ಚಬೇಕು. ಚೀಟಿಯ ಫೋಟೊ ಸೇರಿಸಿದೆ. ಕಾರಣದ ಪಟ್ಟಿ ತೆರೆಯಿತು. "ಮಾಹಿತಿ ಸ್ಪಷ್ಟವಾಗಿರಲಿಲ್ಲ" ಎಂಬುದೊಂದಿತ್ತು. ಅದನ್ನು ಆರಿಸಿದರೆ ಯಾರಿಗೂ ನೋವಿಲ್ಲ, ಅರ್ಧ ತಪ್ಪು ಅಕ್ಕನ ಮೇಲೆ ಉಳಿಯುತ್ತದೆ ಅಷ್ಟೇ. ಕೊನೆಯಲ್ಲಿ "ಆಡಿಟರ್ ತಪ್ಪು" ಎಂದಿತ್ತು. ಅದು ನನ್ನ ಅರ್ಹತೆಯ ಪುಟಕ್ಕೆ ಹೋಗುತ್ತದೆ. ಮತ್ತೆ ತರಬೇತಿ ಆಗುವವರೆಗೆ ನಾನು ಆಡಿಟ್ ಮಾಡುವಂತಿಲ್ಲ, ಕಂಪನಿಯವರ ಮುಂದೆ ಕೂರುವಂತಿಲ್ಲ. ಮೊದಲನೆಯದರ ಮೇಲೆ ನನ್ನ ಬೆರಳು ಎಷ್ಟು ಹೊತ್ತು ಇತ್ತು ಎಂದು ಡೈರಿಯಲ್ಲಿ ಬರೆದಿಲ್ಲ. ಇತ್ತು ಎಂಬುದಂತೂ ನಿಜ. ಕೊನೆಯದನ್ನು ಒತ್ತಿ, ಮ್ಯಾನೇಜರ ಕೋಣೆಗೆ ಹೋಗಿ, ಮೊನ್ನೆ ಎಂಬ ಒಂದು ಪದವನ್ನು ತಮಿಳಿನಲ್ಲಿ ವಿವರಿಸಿದೆ. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಚೀಟಿಯನ್ನು ಎರಡು ಸಲ ನೋಡಿದರು.

ಮುಂದಿನ ಸೋಮವಾರ ಅಕ್ಕ ಜರಡಿಗೆ ಮರಳಿದರು. ಎನ್.ಸಿ. ಮುಚ್ಚಿದ್ದರೂ ಹುಡುಕಿದರೆ ಅವರ ಕೆಲಸಗಾರರ ನಂಬರಿನಲ್ಲಿ ಈಗಲೂ ಸಿಗುತ್ತದೆ. ಅವರ ಹತ್ತಿರ ಹೋಗಿ, ತಪ್ಪು ನನ್ನದು ಎಂದು ಕನ್ನಡದಲ್ಲಿ ಹೇಳಿದೆ. ಅವರು ಜಾಲರಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಪರವಾಗಿಲ್ಲ ಎಂದು ತಲೆಯಾಡಿಸಿದರು, ಸಿಟ್ಟೇನೂ ಕಾಣಲಿಲ್ಲ.

ತರಬೇತಿ ಮುಗಿಸಿ ಮತ್ತೆ ಆಡಿಟ್‌ಗೆ ಹೋದಾಗ ಅದೇ ಪ್ರಶ್ನೆ ಬಂತು, ಜಾಲರಿ ಬದಲಾಯಿಸಿದ್ದು ಯಾವಾಗ ಎಂದು. ಅಕ್ಕ ಪುಸ್ತಕ ತೆಗೆದು ದಿನಾಂಕದ ಮೇಲೆ ಬೆರಳಿಟ್ಟರು. ನಿಯಮದ ಪ್ರಕಾರ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ದಿನಾಂಕ ಒತ್ತಿ ಟ್ಯಾಬ್ ಕೆಳಗಿಟ್ಟು, ಊಟ ಆಯ್ತಾ ಅಕ್ಕ ಎಂದು ಕೇಳಿದೆ.

"ಆಚ್ಚು ಮೇಡಂ," ಅಂದರು, ತಮಿಳಿನಲ್ಲಿ.